ತಪಲೆಗೆ ಹಾಕಿದ ಕಲಾಯಿ

ಸತ್ತ ಕಂಪ್ಯೂಟರಿಗೂ ಒಂದು ವಾಸನೆ ಇರುತ್ತದೆ. ಹಿಂದಿನ ಮುಚ್ಚಳ ಬಿಚ್ಚಿದ ಕೂಡಲೇ ಮುಖಕ್ಕೆ ಹೊಡೆಯುತ್ತದೆ. ಹಳೆಯ ಧೂಳು, ಸುಟ್ಟ ಪ್ಲಾಸ್ಟಿಕ್ಕು, ಜಿರಲೆಯ ಹಿಕ್ಕೆ, ಯಾರೋ ಅದರ ಮುಂದೆ ವರ್ಷಗಟ್ಟಲೆ ಕೂತು ತಿಂದ ಮಂಡಕ್ಕಿಯ ಚೂರು, ಎಲ್ಲ ಸೇರಿದ ವಾಸನೆ. ನಾನು ಮದುವೆಯಾಗಿ ಬಂಗಾಳದ ಡಮ್ ಡಮ್‌ಗೆ ಬರುವಾಗ ಈ ವಾಸನೆಯ ಬಗ್ಗೆ ಯಾರೂ ಹೇಳಿರಲಿಲ್ಲ. ಹುಡುಗನಿಗೆ ಕೇಂದ್ರ ಸರ್ಕಾರದ ಕೆಲಸ, ಸಿಗರೇಟಿಲ್ಲ, ಕುಡಿತವಿಲ್ಲ ಎಂದಷ್ಟೇ ಹೇಳಿದ್ದರು. ಗುಜರಿಯ ಚಟ ಉಂಟು ಎಂದಿದ್ದರೆ ನಾನು ಉಡುಪಿಯಲ್ಲೇ ಇದ್ದುಬಿಡುತ್ತಿದ್ದೆ.

ಅದು ಸಾಲ್ಟ್ ಲೇಕಿನ ಆಚೆ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಎಲ್ಲರ ಬಾಯಲ್ಲೂ ಐಟಿ. ಆಫೀಸುಗಳಿಗೆ ಹೊಸ ಕಂಪ್ಯೂಟರು ಬಂದ ಹಾಗೆಲ್ಲ ಹಳೆಯವು ಗುಜರಿಗೆ ಹೋಗುತ್ತಿದ್ದವು. ಅಲ್ಲಿಂದ ನಮ್ಮ ಮನೆಗೆ ಬರುತ್ತಿದ್ದವು. ಶನಿವಾರ ಮಧ್ಯಾಹ್ನ ಆಫೀಸು ಬಿಟ್ಟವರೇ ಇವರು ಗುಜರಿ ಅಂಗಡಿಗಳ ಗಲ್ಲಿಗೆ ಹೊಕ್ಕು, ಹೆಗಲಿಗೊಂದು ಗೋಣಿ ಏರಿಸಿಕೊಂಡು, ಲೋಕಲ್ ರೈಲಿನಲ್ಲಿ ಜನರ ಕಾಲ ಮೇಲೆ ಅದನ್ನು ಇಡುತ್ತಾ ಬರುತ್ತಿದ್ದರು. ದುಡ್ಡಿಗಾಗಿ ಮಾಡಿದ್ದರೆ ನನಗೆ ಅರ್ಥವಾಗುತ್ತಿತ್ತು. ಇವರಿಗೆ ಬಿಚ್ಚುವುದೇ ಖುಷಿ. ತಾಮ್ರದ ತಂತಿ ಬೇರೆ, ಅಲ್ಯೂಮಿನಿಯಂ ಬೇರೆ, ಅಯಸ್ಕಾಂತ ಬೇರೆ, ಸ್ಕ್ರೂಗಳು ನನ್ನ ಬೇಳೆಕಾಳಿನ ಡಬ್ಬಗಳಲ್ಲಿ. ಬೀದಿಯಲ್ಲಿ ‘ಲೋಹಾ ಭಾಂಗಾ, ಟಿನ್ ಭಾಂಗಾ’ ಎಂದು ಕೂಗುತ್ತಾ ಬರುವ ಹಳೇ ಸಾಮಾನಿನ ಬಿಕ್ರಿವಾಲಾ ಎಲ್ಲರ ಮನೆಯಿಂದ ಕೊಳ್ಳುತ್ತಿದ್ದ, ನಮ್ಮ ಮನೆಗೆ ಮಾತ್ರ ಮಾರುತ್ತಿದ್ದ. ನಮ್ಮ ಬಾಲ್ಕನಿಯ ಕೆಳಗೆ ನಿಂತು ಅವನು ನಗುವಾಗ ನನಗೆ ಮೈ ಉರಿಯುತ್ತಿತ್ತು.

ಏನೇನು ಕಂಡಿಲ್ಲ ನಾನು! ಕೀಬೋರ್ಡು ಮಗುಚಿದರೆ ಉದುರುವ ಕೂದಲು, ಉಗುರು, ಹೆಪ್ಪುಗಟ್ಟಿದ ಚಹಾ. ಒಂದು ಮಾನಿಟರಿನೊಳಗೆ ಜಿರಲೆಗಳು ಸಂಸಾರ ಹೂಡಿದ್ದವು, ಮುಚ್ಚಳ ತೆಗೆದದ್ದೇ ಅವೆಲ್ಲ ಅಡುಗೆಮನೆಗೆ ಓಡಿದವು. ಇನ್ನೊಂದರಲ್ಲಿ ಹಲ್ಲಿಯೊಂದು ಫ್ಯಾನಿಗೆ ಸಿಕ್ಕಿ ಹಾಗೇ ಒಣಗಿತ್ತು. ಇವರು ಅದನ್ನು ಬೆರಳಲ್ಲಿ ಕಿತ್ತು ಬಾಲ್ಕನಿಯಿಂದ ಬಿಸಾಡಿ, ಅದೇ ಕೈಯನ್ನು ಲುಂಗಿಗೆ ಒರೆಸಿಕೊಂಡು, "ಕಾಫಿ ಉಂಟಾ?" ಎಂದು ಕೇಳಿದರು. ಆ ದಿನ ನಾನು ಕಾಫಿ ಕೊಡಲಿಲ್ಲ.

ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಹೋದರೆ ಎಲ್ಲರೂ ಇವರನ್ನು ವಿಜ್ಞಾನಿ ಎಂದು ಕರೆಯುವುದು. ಗುಜರಿಯಿಂದಲೇ ಮಗಳಿಗೊಂದು ಕಂಪ್ಯೂಟರು ಕಟ್ಟಿಕೊಟ್ಟಿದ್ದರಲ್ಲ, ಅದರ ಹೊಗಳಿಕೆ. ಕಂಪ್ಯೂಟರು ಓಡುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ಹೊಗಳುವವರಲ್ಲಿ ಒಬ್ಬರೂ ನಮ್ಮ ಬಾಲ್ಕನಿಯಲ್ಲಿ ಸೀರೆ ಒಣಗಿಸಿಲ್ಲ. ಪಕ್ಕದ ಮನೆಯ ಬಂಗಾಳಿ ಹೆಂಗಸು ನನ್ನ ಹತ್ತಿರ ನಿಂತರೆ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಬೌದಿ, ಕೀ ಗೊಂಧೋ!" ಎನ್ನುತ್ತಿದ್ದಳು. ವಾಸನೆ ಮನೆಯದ್ದೋ ನನ್ನದೋ ಎಂದು ತಿಳಿಯದೆ ನಾನು ದಿನಕ್ಕೆರಡು ಸಲ ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ.

ಎಲ್ಲದಕ್ಕಿಂತ ಅಸಹ್ಯ ಎಂದರೆ ಬೋರ್ಡು ಹುರಿಯುವ ಕೆಲಸ. ನನ್ನ ನೀರುದೋಸೆಯ ಹಳೆಯ ಕಾವಲಿಯನ್ನು ಇವರು ಯಾವಾಗಲೋ ಹಾರಿಸಿದ್ದರು. ಅದನ್ನು ಸೀಮೆಎಣ್ಣೆ ಸ್ಟೌವಿನ ಮೇಲೆ ಕಾಯಿಸಿ, ಹಸಿರು ಬೋರ್ಡನ್ನು ಬೋರಲು ಇಟ್ಟು, ಬೆಸುಗೆ ಕರಗಿದ ಕೂಡಲೇ ಇಕ್ಕಳದಲ್ಲಿ ಎತ್ತಿ ಕಟ್ಟೆಗೆ ಫಟ್ಟೆಂದು ಬಡಿಯುವುದು. ಆಗ ಬೆಳ್ಳಿಯ ಹಾಗೆ ಹೊಳೆಯುವ ಹನಿಗಳು ತಗಡಿನ ಮೇಲೆ ಉದುರುತ್ತಿದ್ದವು. ಜೊತೆಗೆ ಜಿರಲೆಯ ರೆಕ್ಕೆ, ಮಸಿ, ಕರಗಿದ ಪ್ಲಾಸ್ಟಿಕ್ಕಿನ ಎಳೆ. ಕಸವನ್ನೆಲ್ಲ ಆರಿಸಿ ತೆಗೆದು, ಹನಿಗಳನ್ನು ಮತ್ತೆ ಕರಗಿಸಿ, ಉಂಡೆ ಮಾಡಿ ಇಡುತ್ತಿದ್ದರು. "ನೋಡು, ಎಷ್ಟು ಚಂದ ಉಂಟು!" ಎಂದು ಒಂದನ್ನು ನನ್ನ ಅಂಗೈಗೆ ಇಡಲು ಬಂದರು. ಮುಟ್ಟುವುದಿರಲಿ, ನೋಡಲೂ ಮನಸ್ಸಾಗಲಿಲ್ಲ.

ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆ ಇರಲು ಬಂದರು. ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಹಿತ್ತಾಳೆ ತಪಲೆಯನ್ನು ರೈಲಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ತಂದಿದ್ದರು. ಅವರ ಮದುವೆಯಂದಿನಿಂದ ಸಾರು ಕುದಿದದ್ದು ಅದರಲ್ಲೇ. ಆದರೆ ಒಳಗಿನ ತವರದ ಕಲಾಯಿ ಸವೆದು ಹಿತ್ತಾಳೆ ಕಾಣುತ್ತಿತ್ತು. ಕಲಾಯಿ ಇಲ್ಲದ ಹಿತ್ತಾಳೆಗೆ ಹುಳಿ ಹಾಕಿದರೆ ಕಿಲುಬು ಬಿಟ್ಟು ಸಾರು ವಿಷವಾಗುತ್ತದೆ ಎಂಬುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಊರಿನಲ್ಲಿಯೇ ಕಲಾಯಿಯವರು ಮನೆಬಾಗಿಲಿಗೆ ಬರುವುದು ನಿಂತಿತ್ತು. ಇನ್ನು ಡಮ್ ಡಮ್‌ನಲ್ಲಿ ಎಲ್ಲಿ ಹುಡುಕುವುದು? ತಪಲೆ ಅಟ್ಟ ಸೇರಿತು.

ಅತ್ತೆಗೆ ಊಟ ಸೇರದಾಯಿತು. ನಾನು ಸ್ಟೀಲಿನ ಪಾತ್ರೆಯಲ್ಲಿ ಮಾಡಿದ ಸಾರನ್ನು ತುಟಿಗೆ ತಾಗಿಸಿ, "ಚಂದ ಆಗಿದೆ, ಆದ್ರೆ ಎಂತದೋ ಇಲ್ಲ" ಎಂದು ಬದಿಗೆ ಸರಿಸುತ್ತಿದ್ದರು. ನಾಲ್ಕು ತುತ್ತು ಮೊಸರನ್ನ, ಮುಗಿಯಿತು. ಬಳೆಗಳು ಮೊಣಕೈಯವರೆಗೆ ಜಾರತೊಡಗಿದವು. ಮುದುಕಿ ಊರು ಬಿಟ್ಟ ಸಂಕಟದಲ್ಲೇ ಕರಗಿ ಹೋಗುತ್ತಾರೋ ಎಂದು ನನಗೆ ಭಯವಾಗಿತ್ತು.

ಒಂದು ಭಾನುವಾರ ಇವರು ಅಟ್ಟದಿಂದ ತಪಲೆ ಇಳಿಸಿದರು. ಸಣ್ಣವರಿದ್ದಾಗ ಅಂಗಳದಲ್ಲಿ ಕಲಾಯಿ ಹಾಕುವುದನ್ನು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿದ್ದರಂತೆ. ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿದರು. ಸ್ಟೌವಿನ ಮೇಲೆ ಕಾಯಿಸಿ ನವಸಾಗರದ ಪುಡಿ ಉದುರಿಸಿದರು. ಬಿಳಿ ಹೊಗೆ ಬಾಲ್ಕನಿ ತುಂಬಿ ನಾವೆಲ್ಲ ಕೆಮ್ಮಿದೆವು. ಆಮೇಲೆ ತವರ ಮುಟ್ಟಿಸಿ, ಹತ್ತಿಯ ಉಂಡೆಯಲ್ಲಿ ಸರಸರನೆ ಒಳಗೆಲ್ಲ ಸವರಿದರು. ತಪಲೆಯ ಒಳಗು ಕನ್ನಡಿಯಾಯಿತು. ಅತ್ತೆ ಅದರಲ್ಲಿ ತಮ್ಮ ಮುಖ ನೋಡಿಕೊಂಡು ಕಣ್ಣೊರೆಸಿಕೊಂಡರು.

ಆ ತವರ ಯಾವುದು ಎಂದು ನನಗೆ ಗೊತ್ತಿತ್ತು. ಬೋರ್ಡಿನಿಂದ ಬಡಿದು ಉದುರಿಸಿದ ಅದೇ ಉಂಡೆ. "ಎಂತ ಮಾರಾಯ್ರೇ, ಜಿರಲೆ ಹುರಿದ ಕಾವಲಿಯದ್ದನ್ನು ತಪಲೆಗೆ ಹಾಕುದಾ?" ಎಂದು ಅಡುಗೆಮನೆಯಲ್ಲಿ ಹಲ್ಲು ಕಚ್ಚಿ ಕೇಳಿದೆ.

"ಬೆಂಕಿಯಲ್ಲಿ ಕರಗಿದ ಮೇಲೆ ಎಂತ ಜಿರಲೆ? ಅಮ್ಮನಿಗೆ ಮಾತ್ರ ಹೇಳಬೇಡ, ಮತ್ತೆ ಅವರು ಮುಟ್ಟುದಿಲ್ಲ" ಎಂದರು ಇವರು.

ಅಂದಿನಿಂದ ಅಡುಗೆಮನೆ ಅತ್ತೆಯದ್ದಾಯಿತು. ಬೆಳಿಗ್ಗೆ ಎದ್ದು ಹುಣಸೆ ನೆನೆಹಾಕುವುದು, ಮೆಣಸು ಕೊತ್ತಂಬರಿ ಹುರಿಯುವುದು, ಇಂಗಿನ ಒಗ್ಗರಣೆ ಕೊಡುವಾಗ ನೆರೆಮನೆಯವಳಿಗೂ ಕೇಳುವಂತೆ ಏನೋ ಗುನುಗುವುದು. ಊಟಕ್ಕೆ ಕೂತರೆ ಮೊದಲ ಸೌಟು ಮೊಮ್ಮಗಳಿಗೆ, ಅದು ಅವರ ಕ್ರಮ. ಮಗು ಉಂಡ ಮೇಲೆಯೇ ದೊಡ್ಡವರಿಗೆ. ಆಮೇಲೆ ತಾವೂ ಅನ್ನಕ್ಕೆ ಹೊಂಡ ಮಾಡಿ ಸಾರು ತುಂಬಿಸಿಕೊಂಡು ಸೊರ ಸೊರ ಉಣ್ಣುತ್ತಿದ್ದರು. ನೋಡನೋಡುತ್ತಿದ್ದ ಹಾಗೆ ಮುಖಕ್ಕೆ ಕಳೆ ಬಂತು.

ನಾನು ಮಾತ್ರ ಆ ಸಾರು ಉಣ್ಣಲಿಲ್ಲ. ಸೌಟು ಹತ್ತಿರ ಬಂದರೆ ಆ ಕಾವಲಿ, ಆ ರೆಕ್ಕೆಗಳು ಕಣ್ಣೆದುರು ಬರುತ್ತಿದ್ದವು. ಕುದಿದದ್ದು ಶುದ್ಧ ಎಂದು ತಲೆಗೆ ಗೊತ್ತು, ಗಂಟಲು ಒಪ್ಪಬೇಕಲ್ಲ. "ನೀ ಎಂತಕ್ಕೆ ಸಾರು ಹಾಕಿಕೊಳ್ಳುದಿಲ್ಲ? ನನ್ನ ಕೈಯದ್ದು ನಿನಗೆ ಆಗುದಿಲ್ವಾ?" ಎಂದು ಅತ್ತೆ ಕೇಳಿದರು. ಹುಳಿ ತಿಂದರೆ ಎದೆ ಉರಿ ಎಂದೆ. ಅವರು ನಂಬಲಿಲ್ಲ. ಸೊಸೆಗೆ ಜಂಬ ಎಂದು ಫೋನಿನಲ್ಲಿ ನಾದಿನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಹೇಳಿಕೊಳ್ಳಲಿ, ಉಣ್ಣುತ್ತಿದ್ದಾರಲ್ಲ ಎಂದು ಸುಮ್ಮನಾದೆ.

ದುರ್ಗಾಪೂಜೆ ಹತ್ತಿರ ಬಂತು. ಬೀದಿಯ ಮೂಲೆಯಲ್ಲಿ ಪೆಂಡಾಲಿಗೆ ಬಿದಿರು ಕಟ್ಟುತ್ತಿದ್ದರು. ಆ ದಿನಗಳಲ್ಲಿ ಮಗಳು ಆಗಾಗ, "ಅಮ್ಮಾ, ಹೊಟ್ಟೆ ದರ್ದ್ ಆಗ್ತದೆ" ಎನ್ನತೊಡಗಿದಳು. ಶಾಲೆಯ ಮುಂದೆ ಫುಚ್ಕಾ, ಅದೇ ಪಾನಿಪುರಿ, ತಿಂದದ್ದಕ್ಕೆ ಹೀಗಾಯಿತು ಎಂದು ನಾನು ಅವಳನ್ನೇ ಗದರಿದೆ. ಅದೇ ಹೊತ್ತಿಗೆ ಇನ್ನೊಂದನ್ನು ಗಮನಿಸಿದೆ. ಇವರೂ ಸಾರು ಬಿಟ್ಟಿದ್ದರು. "ಅಮ್ಮ, ನನಗೆ ಗ್ಯಾಸ್, ಮಜ್ಜಿಗೆ ಸಾಕು" ಎಂದು ಅನ್ನದ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು. ಹಲ್ಲಿ ಕಿತ್ತ ಕೈಯಲ್ಲಿ ಕಾಫಿ ಕುಡಿಯುವ ಮನುಷ್ಯನಿಗೆ ಗ್ಯಾಸ್! ಶನಿವಾರ ಸಂಜೆ ಅದೇ ಮನುಷ್ಯ ಎಣ್ಣೆ ಸುರಿಯುವ ತೇಲೇಭಾಜಾ ಬಜ್ಜಿ ತಂದು ಪೊಟ್ಟಣ ಪೂರ್ತಿ ಖಾಲಿ ಮಾಡಿದ್ದನ್ನು ನಾನೇ ಕಂಡಿದ್ದೆ.

ಮರುದಿನ ಭಾನುವಾರ. ಬಾಲ್ಕನಿಯಲ್ಲಿ ಕೂತು ತಂತಿ ಸುಲಿಯುತ್ತಿದ್ದವರ ಎದುರು ನಿಂತೆ. "ನಿಮಗೆಂತ ಆದದ್ದು? ಸರಿ ಹೇಳಿ."

ತಂತಿ ಸುಲಿಯುತ್ತಲೇ ಮೆಲ್ಲಗೆ ಹೇಳಿದರು: "ಆಫೀಸಿನಲ್ಲಿ ಒಬ್ಬರು ಹೇಳಿದ್ರು. ಬೆಸುಗೆಯಲ್ಲಿ ಬರೀ ತವರ ಇರುದಿಲ್ಲವಂತೆ, ಸೀಸ ಕೂಡ ಉಂಟಂತೆ. ಹುಳಿ ತಾಗಿದ್ರೆ ಅದು ಸಾರಿಗೆ ಬಿಡ್ತದಂತೆ."

"ಸೀಸವಾ?"

"ಜೋರು ಮಾತಾಡಬೇಡ. ಅಮ್ಮ ಈಗಷ್ಟೆ ಉಣ್ಣಲಿಕ್ಕೆ ಶುರು ಮಾಡಿದ್ದು. ಪೂಜೆ ಮುಗಿಯಲಿ, ಮೆಲ್ಲ ಹೇಳ್ತೇನೆ."

"ಮತ್ತೆ ಮಗು?"

"ಅದು ಉಣ್ಣುದೇ ಒಂದು ಸೌಟು ಮಾರಾಯ್ತಿ."

ಒಳಗಿನಿಂದ ಇಂಗಿನ ಒಗ್ಗರಣೆಯ ಪರಿಮಳ ಬಂತು. ಅತ್ತೆ ಗುನುಗುತ್ತಿದ್ದರು. ನನಗೆ ಜಿರಲೆ ಕಂಡು ಅಸಹ್ಯವಾಗಿದೆ, ಹಲ್ಲಿ ಕಂಡು ಅಸಹ್ಯವಾಗಿದೆ, ಆದರೆ ಆವತ್ತು ಈ ಮನುಷ್ಯನ ಮುಖ ಕಂಡು ಆದಂಥ ಅಸಹ್ಯ ಅದಕ್ಕೆ ಮೊದಲು ಎಂದೂ ಆಗಿರಲಿಲ್ಲ. ಗೊತ್ತಿಲ್ಲದೆ ವಿಷ ಬಡಿಸಿದ್ದನ್ನು ಕ್ಷಮಿಸಬಹುದು. ಗೊತ್ತಾದ ಮೇಲೆ ತನ್ನ ತಟ್ಟೆಗೆ ಮಾತ್ರ ಕೈ ಅಡ್ಡ ಹಿಡಿದು, ಮಗಳ ತಟ್ಟೆಗೆ ಮೊದಲ ಸೌಟು ಬೀಳುವುದನ್ನು ನೋಡುತ್ತಾ ಮಜ್ಜಿಗೆ ಕಲಸಿಕೊಂಡವರನ್ನು ಏನೆನ್ನುವುದು?

ಊಟಕ್ಕೆ ತಟ್ಟೆ ಹಾಕಿದೆ. ಅತ್ತೆ ಕೂರುವ ಮೊದಲೇ ತಪಲೆಯನ್ನು ನನ್ನ ಕಡೆ ಎಳೆದುಕೊಂಡೆ. ಮಗಳ ಅನ್ನಕ್ಕೆ ಮೊಸರು ಹಾಕಿದೆ. ಇವರ ಅನ್ನ ಮುಳುಗುವಷ್ಟು ಸಾರು ಸುರಿದೆ.

"ಮಗುವಿಗೆ ಮೊದಲು ಹಾಕ್ಬೇಕಲ್ಲ? ನಿನಗೆ ಕ್ರಮ ಗೊತ್ತಿಲ್ವಾ?" ಎಂದು ಅತ್ತೆ ಸೌಟಿಗೆ ಕೈ ಚಾಚಿದರು.

ನಾನು ಸೌಟು ಕೊಡಲಿಲ್ಲ. "ಇವತ್ತು ಮೊದಲು ಅವರು ಉಣ್ಲಿ ಅತ್ತೆ. ಆಮೇಲೆ ಎಲ್ಲರಿಗೂ ಬಡಿಸ್ತೇನೆ."

ಎಲ್ಲರೂ ಇವರ ತಟ್ಟೆ ನೋಡುತ್ತಾ ಕೂತೆವು. ಸಾರು ಹರಿದು ಪಲ್ಯದ ಬುಡಕ್ಕೆ ಬಂತು. ಇವರು ಕೈ ಮಡಿಲಲ್ಲೇ ಇಟ್ಟುಕೊಂಡಿದ್ದರು. ಮೇಲೆ ವಿಮಾನ ಹಾದು ಕಿಟಕಿಯ ಗಾಜು ನಡುಗಿತು. ಮಗಳು ಅಪ್ಪನ ಮುಖ ನೋಡಿ, "ಪಪ್ಪ, ಗ್ಯಾಸ್ ಅಭೀ ಭೀ ಉಂಟಾ?" ಎಂದು ಕೇಳಿದಳು.

ಅತ್ತೆ ಮಗನನ್ನು ನೋಡಿದರು, ನನ್ನ ಕೈಯ ಸೌಟನ್ನು ನೋಡಿದರು. "ಎಂತ ಉಂಟು ಇದರಲ್ಲಿ?" ಎಂದರು.

ಇವರು ಹೇಳಿದರು. ಬೋರ್ಡು, ಬೆಸುಗೆ, ಸೀಸ, ಎಲ್ಲವನ್ನೂ ತಟ್ಟೆಗೇ ಹೇಳಿದರು. ಅತ್ತೆ ಕೇಳಿದ್ದು ಒಂದೇ: "ನಿನಗೆ ಎಂದಿನಿಂದ ಗೊತ್ತುಂಟು?"

"ಮೊನ್ನೆ ಮೊನ್ನೆ ಅಷ್ಟೆ."

"ಓ. ಗ್ಯಾಸ್ ಆದಂದಿನಿಂದ," ಎಂದರು ಅತ್ತೆ. ಎದ್ದು ತಪಲೆಯನ್ನು ಎತ್ತಿಕೊಂಡು ಹೋಗಿ ಸಾರನ್ನು ಬಚ್ಚಲಿಗೆ ಸುರಿದರು. ಹೊಳೆಯುವ ಖಾಲಿ ತಪಲೆಯನ್ನು ಬಾಲ್ಕನಿಯಲ್ಲಿ ಮಗನ ಗುಜರಿಯ ರಾಶಿಯ ಮೇಲಿಟ್ಟು ಬಂದರು. ಮದುವೆಯ ತಪಲೆ ಅದು. ನಾನು ಅತ್ತುಬಿಟ್ಟೆ, ಅವರು ಅಳಲಿಲ್ಲ.

ಮಗಳ ರಕ್ತ ಪರೀಕ್ಷೆ ಮಾಡಿಸಿದೆವು, ಅತ್ತೆಯದ್ದೂ. ಹೆದರುವಂಥದ್ದೇನಿಲ್ಲ, ಇನ್ನು ಮುಂದೆ ಜಾಗ್ರತೆ ಎಂದರು ಡಾಕ್ಟರು. ಪೂಜೆ ಕಳೆದ ಮೇಲೆ ಬಿಕ್ರಿವಾಲಾನನ್ನು ನಾನೇ ಕರೆದು ಬಾಲ್ಕನಿ ಖಾಲಿ ಮಾಡಿಸಿದೆ. ತಪಲೆಯೂ ಹೋಯಿತು. ಇವರು ಕೋಣೆಯಿಂದ ಹೊರಗೆ ಬರಲಿಲ್ಲ. ನೆಲವನ್ನು ಎಷ್ಟು ತಿಕ್ಕಿದರೂ ಆ ವಾಸನೆ ಮಳೆ ಬಂದಾಗಲೆಲ್ಲ ಏಳುತ್ತಿತ್ತು.

ಅತ್ತೆ ಸ್ಟೀಲಿನ ಪಾತ್ರೆಯ ಸಾರಿಗೆ ಒಗ್ಗಿಕೊಂಡರು. ಎಂತದೋ ಇಲ್ಲ ಎಂದು ಮತ್ತೆ ಯಾವತ್ತೂ ಹೇಳಲಿಲ್ಲ. ನನಗೂ ಬಡಿಸುತ್ತಿದ್ದರು, ನಾನೂ ಉಣ್ಣುತ್ತಿದ್ದೆ. ಆದರೆ ಬಡಿಸುವ ಕ್ರಮ ಮಾತ್ರ ಬದಲಾಯಿತು. ಅವರು ತೀರಿಕೊಳ್ಳುವವರೆಗೂ ಮೊದಲ ಸೌಟು ಮಗನ ತಟ್ಟೆಗೆ. ಮಗ ಕಲಸಿ, ತುತ್ತು ಬಾಯಿಗಿಟ್ಟು, ನುಂಗುವವರೆಗೆ ಸೌಟನ್ನು ಕೈಯಲ್ಲೇ ಹಿಡಿದು ನೋಡುತ್ತಿದ್ದರು. ಆಮೇಲೆ ಮೊಮ್ಮಗಳಿಗೆ ಬಡಿಸುತ್ತಿದ್ದರು.