ನೊಣವನ್ನು ಓಡಿಸಿದವಳು

ಮಾದೇವಿ, ನೊಣವನ್ನು ಓಡಿಸಿದ್ದು ಪುಸ್ತಕವಲ್ಲ, ನಾನು. ಪುಸ್ತಕದಲ್ಲಿ ಅಂಥ ಮಾತೇ ಇರಲಿಲ್ಲ. ಇದ್ದಿದ್ದರೂ ನನಗೆ ಓದಲು ಬರುತ್ತಿರಲಿಲ್ಲ – ತಮಿಳಿನ ಒಂದಕ್ಷರವೂ ಆಗ ನನಗೆ ತಿಳಿಯದು.

ಹೇಳಿಬಿಟ್ಟೆ. ಇಷ್ಟು ವರ್ಷ ಬಚ್ಚಿಟ್ಟುಕೊಂಡದ್ದು ಇಷ್ಟೇ ಮಾತು ನೋಡು.

ಕೌದಳ್ಳಿಯ ನಮ್ಮ ಮನೆಯ ಜಗಲಿ ನೆನಪಿದೆಯಲ್ಲ? ನನ್ನ ಸೋದರಮಾವ ಸತ್ಯಮಂಗಲದಿಂದ ಆ ಚಿತ್ರದ ಪುಸ್ತಕ ತಂದುಕೊಟ್ಟ ದಿನ ಓಣಿಯ ಮಕ್ಕಳೆಲ್ಲ ಅಲ್ಲಿ ಮುಗಿಬಿದ್ದಿದ್ದರು. ಅಲ್ಲಿಯವರೆಗೆ ನಾವು ಅಚ್ಚಿನ ಚಿತ್ರ ಕಂಡದ್ದೆಂದರೆ ಬೆಂಕಿಪೊಟ್ಟಣದ ಮೇಲೆ ಮಾತ್ರ. ಇದರಲ್ಲಿ ಪುಟಕ್ಕೊಂದು ದೊಡ್ಡ ಚಿತ್ರ, ಕೆಳಗೆ ಒಂದಿಷ್ಟು ತಮಿಳಕ್ಷರ. "ನಿಂಗೆ ಓದಕ್ ಬತ್ತದಾ ಅಮ್ಮಿ?" ಎಂದು ನೀನು ಕೇಳಿದೆ. ನನ್ನಮ್ಮ ತಮಿಳು ಸೀಮೆಯ ಹೆಣ್ಣು; ಸಿಟ್ಟು ಬಂದಾಗ ನಮ್ಮನ್ನು ತಮಿಳಿನಲ್ಲೇ ಬೈಯುತ್ತಿದ್ದಳು – ಅಷ್ಟೇ ನನ್ನ ಬಂಡವಾಳ. "ಬತ್ತದೆ" ಎಂದೆ.

ಆ ಸುಳ್ಳಿಗೆ ನಾನು ಇವತ್ತಿಗೂ ಮರುಗುವುದಿಲ್ಲ. ಎಂಥ ಕತೆ ಹುಟ್ಟಿತು ಅದರಿಂದ! ಮೊದಲ ಪುಟದ ಅಳಿಲೂ ಎರಡನೆಯ ಪುಟದ ಆಡೂ ಗೆಳತಿಯರಾದರು. ಮುಂದಿನ ಪುಟದ ಎಲೆಯನ್ನು ಹಂಚಿಕೊಂಡರು. ಅಲ್ಲಿಗೊಂದು ನೊಣ ಬಂದು ಜೊತೆ ಸೇರಿತು. ಅಳಿಲು ಒರಳಿಗೆ ಬಿದ್ದರೆ ಉಯ್ಯಾಲೆಯ ಹಗ್ಗ ಇಳಿಬಿಟ್ಟು ಎತ್ತಿದರು. ಮುಂದೊಂದು ಪುಟದಲ್ಲಿದ್ದ ಒಂಟೆಯನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ; ಜೇನು ಕಚ್ಚಿ ಬೆನ್ನು ಊದಿಕೊಂಡ ಕುದುರೆ ಎಂದು ಓದಿದೆ. ಪಾಪ ಪಾಪ ಎಂದು ಎಲ್ಲರೂ ಆ ಬೆನ್ನನ್ನು ಸವರಿ ಸವರಿ ಪುಟವೇ ಕಪ್ಪಾಯಿತು. ಕೊನೆಗೆ ಎಲ್ಲರೂ ದೋಣಿ ಹತ್ತಿ ಹೊಳೆ ದಾಟುವುದು. ಇಷ್ಟೇ ಅಕ್ಷರದಲ್ಲಿ ಅಷ್ಟುದ್ದ ಕತೆ ಹೇಗೆ ಹಿಡಿಸಿತು ಎಂದು ಪಕ್ಕದ ಮನೆಯ ಗೌರಿ ಒಮ್ಮೆ ಕೇಳಿದಳು. "ತಮಿಳು ಅಂಗೇಯ. ಅಕ್ಸರ ಕಮ್ಮಿ, ಮಾತು ಜಾಸ್ತಿ" ಎಂದೆ. ಒಪ್ಪಿಕೊಂಡಳು!

ಒಬ್ಬೊಬ್ಬರು ಒಂದೊಂದು ಪ್ರಾಣಿಯಾದೆವು. ನಾನು ಆಡು. ನೀನು ನೊಣವನ್ನೇ ಆರಿಸಿಕೊಂಡೆ – ಬಾಯಿ ಮುಚ್ಚದೆ ಗುಂಯ್‌ಗುಟ್ಟುವ ನಿನ್ನನ್ನು ನಿಮ್ಮಜ್ಜಿ ನೊಣ ಎಂದೇ ಕರೆಯುತ್ತಿದ್ದಳಲ್ಲ. ಪುಸ್ತಕದಲ್ಲೂ ತಾನಿದ್ದೇನೆಂದು ನೀನು ಹಿಗ್ಗಿದ ಆ ಹಿಗ್ಗು...

ಆಮೇಲೆ ಆ ಎಲಚಿ ಹಣ್ಣು. ಮಡಿಲು ತುಂಬ ತಂದವಳು ನೀನು, ಮೊದಲು ಗೌರಿಗೆ ಕೊಟ್ಟೆ, ನನಗೆ ಕೊನೆಗೆ. ಅಷ್ಟಕ್ಕೇ ನನ್ನ ಹೊಟ್ಟೆ ಉರಿದುಹೋಯಿತು. ಆ ಸಂಜೆ ನೊಣದ ಪುಟ ತೆರೆದು, ಅಕ್ಷರದ ಕೆಳಗೆ ಬೆರಳಿಟ್ಟು ಓದಿದೆ: "ಆಡು ಯೋಳ್ತು – ನಿನ್ ಜೊತೆ ಯಾರೂ ಆಡಕಿಲ್ಲ, ಓಗು."

"ದಿಟವಾಗ್ಲೂ ಅಂಗೇ ಬರ್ದದಾ?"

"ಅಚ್ಚಾಗದೆ ಕಣಮ್ಮಿ. ನಾನೇನ್ ಮಾಡ್ಲಿ?"

ನಾನೇ ಬೈದಿದ್ದರೆ ನೀನು ನನ್ನ ಜಡೆ ಹಿಡಿಯುತ್ತಿದ್ದೆ, ಮಾರನೆಯ ದಿನ ರಾಜಿಯಾಗುತ್ತಿದ್ದೆವು. ಅಚ್ಚಿನ ಜೊತೆ ಯಾರು ಜಗಳವಾಡಬೇಕು? ನೀನು ಎದ್ದು ಹೋದೆ. ಮಾರನೆಯ ದಿನವೂ ಬರಲಿಲ್ಲ, ಅದರ ಮಾರನೆಯ ದಿನವೂ. ಕತೆ ನನಗೇ ಸಪ್ಪೆಯಾಯಿತು. ನಾನೇ ಬಂದು ಕರೆಯಬಹುದಿತ್ತು – ಕರೆಯಲಿಲ್ಲ.

ನೀನೇ ಬಂದೆ. ಕೈಯಲ್ಲಿ ಇದ್ದಿಲ ಚೂರು! "ಅಚ್ಚಾಕ್ದವ್ರಿಗೆ ಗೊತ್ತಿಲ್ಲ ಬುಡು, ಪಾಪ" ಎಂದು ಪುಸ್ತಕ ಕಿತ್ತುಕೊಂಡು ಅಲ್ಲಿಂದಾಚೆಯ ಎಲ್ಲ ಪುಟಕ್ಕೂ ಒಂದೊಂದು ನೊಣ ಬರೆದೆ. ಒರಳಿನ ಅಂಚಿನಲ್ಲಿ ನೊಣ, ಉಯ್ಯಾಲೆಯಲ್ಲಿ ನೊಣ, ಊದಿದ ಬೆನ್ನಿಗೆ ಮದ್ದು ಹಚ್ಚುವ ನೊಣ, ದೋಣಿಗೆ ಹುಟ್ಟು ಹಾಕುವ ನೊಣ. "ಈಗ ಓದು" ಎಂದೆ. ನಾನು ಓದಿದೆ. ಎಲ್ಲರೂ ಒಲೆಗಳಿಂದ ಇದ್ದಿಲು ತಂದರು. ಪುಸ್ತಕ ತುಂಬಿ, ನಮ್ಮ ಮನೆಯ ಸುಣ್ಣದ ಗೋಡೆಯೂ ತುಂಬಿ, ಅಮ್ಮ ತಮಿಳಿನಲ್ಲಿ ಶುರುಮಾಡಿದಳು. ಅಂಥ ಸಂಭ್ರಮವನ್ನು ನಾನು ಮತ್ತೆ ಕಂಡಿಲ್ಲ. ನಿಜ ಹೇಳಲು ಅದೇ ಹೊತ್ತಾಗಿತ್ತು. ಆದರೆ ಎಲ್ಲರೂ ಅಷ್ಟು ನಗುತ್ತಿದ್ದರು, ನಾನೂ ನಕ್ಕು ಸುಮ್ಮನಾದೆ.

ನೀನು ಮದುವೆಯಾಗಿ ಮೈಸೂರು ಸೀಮೆಯ ಹೊನ್ನೂರಿಗೆ ಹೋದೆ, ನಾನು ಕೊಳ್ಳೇಗಾಲಕ್ಕೆ. ಮೊನ್ನೆ ಇಲ್ಲಿ ನೆರೆಮನೆಯ ತಮಿಳು ಮಗು ಅದೇ ಪುಸ್ತಕ ಹಿಡಿದು ಕೂಗುತ್ತಿತ್ತು – ಅಣಿಲ್, ಆಡು, ಇಲೈ, ಈ... ಅದು ಅಕ್ಷರ ಕಲಿಸುವ ಪುಸ್ತಕ ಮಾದೇವಿ! ಅ ಎಂದರೆ ಅಳಿಲು, ಆ ಎಂದರೆ ಆಡು. ಕತೆಯೇ ಇಲ್ಲ! ನಾನು ನಕ್ಕು ನಕ್ಕು ಒಲೆಯ ಮೇಲಿನ ಅನ್ನ ತಳಹಿಡಿಯಿತು. ಆಮೇಲೆ ನೊಣದ ಪುಟ ನೋಡಿದೆ. ಇದ್ದದ್ದು 'ಈ' ಎಂಬ ಒಂದೇ ಅಕ್ಷರ. ತಮಿಳಿನಲ್ಲಿ ನೊಣದ ಹೆಸರೇ ಅದಂತೆ. 'ಓಗು' ಎಂದು ಅದರಲ್ಲಿ ನಾನು ಎಲ್ಲಿ ಓದಿದೆ?

ಹೋದ ಹಬ್ಬಕ್ಕೆ ನಿಮ್ಮ ಮನೆಗೆ ಬಂದಾಗ ನೀನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಇದೇ ಕತೆ ಹೇಳುತ್ತಿದ್ದೆ. "ಪುಸ್ತಕ್ದಲ್ಲಿ ನೊಣನ ಓಡುಸ್ಬುಡ್ತಾರೆ ಕಣವ್ವ. ಅದ ಓದ್ವಾಗ ಈ ದೊಡ್ಡವ್ವನ್ ದನಿ ನಡುಗ್ತಿತ್ತು. ಅಷ್ಟು ಒಳ್ಳೇವ್ಳು."

ನಡುಗಿದ್ದು ನಿಜ. ಸಿಕ್ಕಿಬಿದ್ದೇನೆಂಬ ಭಯಕ್ಕೆ ನಡುಗಿತು, ಕನಿಕರಕ್ಕಲ್ಲ.

ನೀನು ನಕ್ಕುಬಿಡುತ್ತೀಯ, ಗೊತ್ತು. ಅದನ್ನು ನೆಚ್ಚಿಕೊಂಡು ಹೇಳುತ್ತಿಲ್ಲ. ಬರುವ ಸೋಮವಾರ ಹೊನ್ನೂರಿಗೆ ಬರುತ್ತೇನೆ. ಈ ಸಲ ಕತೆಯನ್ನು ನಾನೇ ನಿನ್ನ ಮಗಳಿಗೆ ಹೇಳುತ್ತೇನೆ – ಆ ಆಡು ಯಾರೆಂಬುದನ್ನೂ ಸೇರಿಸಿ. ಒಂದು ಚೂರು ಇದ್ದಿಲು ಎತ್ತಿಟ್ಟಿರು. ಆಡನ್ನು ದೋಣಿಗೆ ಹತ್ತಿಸುತ್ತಾಳೋ, ದಡದಲ್ಲೇ ಬಿಡುತ್ತಾಳೋ – ಮಗು ಏನು ಬರೆದರೆ ಅದನ್ನೇ ಓದುತ್ತೇನೆ.