ಊಟದಲ್ಲೇ ಎಲ್ಲ ಇದೆ

ನಮ್ಮ ಕಾರ್ಖಾನೆಯ ಕ್ಯಾಂಟೀನಿನ ಅಡುಗೆಯಜ್ಜನಿಗೆ ವಿಟಮಿನ್ ಮಾತ್ರೆ ಕಂಡರೆ ಮೈಯುರಿಯುತ್ತದೆ. ಯಾರಾದರೂ ತಟ್ಟೆಯ ಪಕ್ಕ ಮಾತ್ರೆ ಡಬ್ಬಿ ಇಟ್ಟರೆ ಸಾಕು, ಸೌಟು ಹಿಡಿದೇ ಓಡಿಬರುತ್ತಾನೆ: "ನಾನಿನ್ನೂ ಸತ್ತಿಲ್ಲ ಕಣ್ರೋ! ಊಟದಲ್ಲೇ ಎಲ್ಲ ಇದೆ, ತಿನ್ರೋ!" ಕ್ಯಾರೆಟ್ಟಿನ ಸಿಪ್ಪೆ ಎಸೆಯುವವರು ಅವನ ಪಾಲಿಗೆ ಮನೆಹಾಳರು, ತರಕಾರಿ ಬೇಯಿಸಿದ ನೀರನ್ನು ಮ್ಯಾನೇಜರಿಗೂ ಗದರಿಸಿ ಕುಡಿಸುತ್ತಾನೆ. ಅಂಥವನು, ಪಾತ್ರೆ ತೊಳೆಯುವ ಬಸುರಿ ಹುಡುಗಿ ರಕ್ತ ಕಡಿಮೆಯೆಂದು ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಯನ್ನು ವಾಕರಿಕೆಗೆ ಹೆದರಿ ಸೆರಗಿನಲ್ಲಿ ಬಚ್ಚಿಟ್ಟರೆ ಬಿಡುವುದಿಲ್ಲ. ನೀರಿನ ಲೋಟ ಹಿಡಿದು, ಅವಳು ನುಂಗುವತನಕ ಎದುರಿಗೇ ನಿಲ್ಲುತ್ತಾನೆ. "ಊಟದಲ್ಲೇ ಎಲ್ಲ ಇದೆ ಅಂತೀಯಲ್ಲಜ್ಜ?" ಎಂದು ಅವಳು ಒಮ್ಮೆ ಕೇಳಿಯೇಬಿಟ್ಟಳು. ಅಜ್ಜ ಲೋಟವನ್ನು ಅವಳ ಕೈಗಿಟ್ಟ. "ಹೆರಿಗೇಲಿ ಹೋದ ನನ್ನ ಮಗಳಿಗೂ ಹಾಗೇ ಅಂದಿದ್ದೆ ಕಣಮ್ಮ. ನುಂಗು."