ನಡುಕ ಅಳೆಯುವ ಮೂರು ಡಬ್ಬಿ

೧೯೯೪ರಲ್ಲಿ ನಾನು ಒಂಬತ್ತನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟೆ. ಯಾರೂ ಬಿಡಿಸಲಿಲ್ಲ. ಹುಣಸೂರಿನ ರೇಡಿಯೋ ರಿಪೇರಿ ಅಂಗಡಿಯ ಬೆಂಚು ಶಾಲೆಯ ಬೆಂಚಿಗಿಂತ ಹಿಡಿಸಿತ್ತು, ಅಷ್ಟೆ. ಹೇಳಿಕೊಳ್ಳಲು ಇಂದಿಗೂ ನಾಚಿಕೆಯಿಲ್ಲ.

ಈಗ ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ನನ್ನದೇ ಅಂಗಡಿ. ಕಾಕನಕೋಟೆ ಕಾಡಿನ ಕಡೆಯ ಒಂದು ಸಫಾರಿ ಲಾಡ್ಜಿನ ಜೀಪುಗಳ ಹನ್ನೆರಡು ವೈರ್‌ಲೆಸ್ ಸೆಟ್ಟುಗಳನ್ನು ನಾನೇ ನೋಡಿಕೊಳ್ಳುತ್ತೇನೆ. ಹೋದ ವರ್ಷ ಅವುಗಳಿಗೆ ಒಂದು ಕಾಯಿಲೆ ಬಂತು. ಹತ್ತಿರದ ಜೀಪು ಪಕ್ಕದ ಚಾನೆಲ್ಲಿನಲ್ಲಿ ಮಾತಾಡಿದರೆ ಸಾಕು, ದೂರದ ಜೀಪಿನ ದನಿ ಬುಸ್ಸೆನ್ನುವ ಸದ್ದಿನಲ್ಲಿ ಮುಳುಗುತ್ತಿತ್ತು. ಸೆಟ್ಟಿನೊಳಗಿನ ಅಲೆ ತಾಳ ತಪ್ಪಿ ನಡುಗಿದರೆ ಹೀಗಾಗುತ್ತದೆ. ಆ ನಡುಕವೇ ಫೇಸ್ ನಾಯ್ಸ್. ಹನ್ನೆರಡನ್ನೂ ಬಿಚ್ಚಿ, ಸರಿಮಾಡಿ ಕೊಟ್ಟೆ.

ಲಾಡ್ಜಿನ ಮ್ಯಾನೇಜರ್ ನಂಬಲಿಲ್ಲ. ಮೈಸೂರಿನಿಂದ ಒಬ್ಬ ಇಂಜಿನಿಯರನ್ನು, ನಡುಕ ಅಳೆಯುವ ಅವರ ಡಿಜಿಟಲ್ ಮಿಷನ್ ಸಮೇತ, ನನ್ನ ಅಂಗಡಿಗೇ ಕರೆತಂದರು. ಒಂದೊಂದು ಸೆಟ್ಟಿಗೆ ಅರ್ಧ ನಿಮಿಷ. ಪರದೆಯ ಮೇಲಿನ ಗೆರೆ ಪ್ರತಿ ಸಲವೂ ಮಿತಿಗಿಂತ ಮೇಲೆಯೇ ನಿಂತಿತು.

"ಎಲ್ಲಾ ಫೇಲು. ಹೊಸದು ತಗೊಳ್ಳಿ," ಎಂದರು ಇಂಜಿನಿಯರ್.

"ಏನಣ್ಣೋ, ರಿಪೇರಿ ಮಾಡ್ದ್ಯಾ, ಇಲ್ಲಾ ಧೂಳು ಒರೆಸ್ದ್ಯಾ?" ಎಂದು ಮ್ಯಾನೇಜರ್ ನಕ್ಕರು.

ಆ ಮಾತು ಹೊರಗೆ ಹೋದರೆ ನಾಳೆಯಿಂದ ನನ್ನ ಅಂಗಡಿಗೆ ಟಾರ್ಚು ಕೂಡ ರಿಪೇರಿಗೆ ಬರುವುದಿಲ್ಲ. ನಾನು ನನ್ನ ಕ್ರಿಸ್ಟಲ್ ಡಬ್ಬಿ ತೆಗೆದೆ; ತಾಳ ತಪ್ಪದ ಅಲೆ ಹೊರಡಿಸಲು ನಾನೇ ಕಟ್ಟಿಕೊಂಡದ್ದು. ಸೆಟ್ಟಿನ ಅಲೆಯನ್ನೂ ಡಬ್ಬಿಯ ಅಲೆಯನ್ನೂ ಕಾಲು ಸುತ್ತು ಹಿಂದುಮುಂದಾಗಿ ನಿಲ್ಲಿಸಿ, ಅಲೆ ಬೆರೆಸುವ ಮಿಕ್ಸರ್ ಸರ್ಕ್ಯೂಟಿಗೆ ಕೊಟ್ಟರೆ, ಎರಡೂ ಸೇರಿ ಸೊನ್ನೆ. ಉಳಿಯುವುದು ನಡುಕ ಮಾತ್ರ. ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತೇನೆ. ಹನ್ನೆರಡನ್ನೂ ಹೀಗೆ ಕೇಳಿಯೇ ಕೊಟ್ಟದ್ದು.

ಇಂಜಿನಿಯರ್ ಕೇಳಿದರು: "ನಿಮ್ಮ ಡಬ್ಬೀನೇ ನಡುಗ್ತಿಲ್ಲ ಅಂತ ಏನು ಗ್ಯಾರಂಟಿ?"

"ಡಬ್ಬಿ ಒಂದಲ್ಲ, ಮೂರವೆ ಸಾರ್. ನಮ್ಮಪ್ಪ ಸಂತೇಲಿ ರಾಗಿ ಅಳೆಯೋರು. ಎರಡು ಸೇರು ಜಗಳ ಆಡುದ್ರೆ ಮೂರನೇದು ತರ್ಸೋರು. ನಾನೂ ಅಂಗೇ, ಜೋಡಿ ಜೋಡಿ ಮಾಡಿ ನೋಡ್ತೀನಿ, ನಡುಗೋದು ಯಾವ್ದು ಅಂತ ಸಿಕ್ಕೋಯ್ತದೆ. ಈಗ ನಾನ್ ಕೇಳ್ಲಾ? ಹನ್ನೆರಡಕ್ಕೂ ನಿಮ್ ಗೆರೆ ಒಂದೇ ಎತ್ತರಕ್ಕದೆ. ಹನ್ನೆರಡು ಜನಕ್ಕೂ ಒಂದೇ ಡಿಗ್ರಿ ಜ್ವರ ಬತ್ತದಾ? ಜ್ವರ ಥರ್ಮಾಮೀಟರಿಗೇ ಇದ್ರೆ?"

ಮ್ಯಾನೇಜರ್ ನಗು ನಿಲ್ಲಿಸಿದರು. ಇಂಜಿನಿಯರ್ ಒಳ್ಳೆಯ ಮನುಷ್ಯ, ಸಿಟ್ಟಾಗಲಿಲ್ಲ. ಮಿಷನ್ನಿನೊಳಗೆ ಎರಡು ದಾರಿಗಳಿವೆ, ಎರಡನ್ನೂ ಮತ್ತೆ ಮತ್ತೆ ಹೋಲಿಸಿ ತನ್ನ ನಡುಕವನ್ನು ಅದೇ ಕಳೆದುಕೊಳ್ಳುತ್ತದೆ, ಎಂದು ವಿವರಿಸಿದರು.

"ಅದ್ಕೆ ಟೈಮ್ ಕೊಟ್ರಾ ಸಾರ್?"

ಕೊಟ್ಟಿರಲಿಲ್ಲ. ಬೇಗ ಮುಗಿಯಲೆಂದು ಎಷ್ಟು ಸಲ ಹೋಲಿಸಬೇಕೆಂಬ ಲೆಕ್ಕವನ್ನು ತೀರ ಕಡಿಮೆ ಇಟ್ಟಿದ್ದರು. ಈ ಸಲ ಪೂರ್ತಿ ಓಡಿಸಿದರು. ನಾವು ಟೀ ಕುಡಿದು ಮುಗಿಸುವಷ್ಟರಲ್ಲಿ ಮೊದಲ ಸೆಟ್ಟಿನ ಗೆರೆ ಮೆಲ್ಲಗೆ ಮಿತಿಯ ಕೆಳಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಸೆಟ್ಟು ಪಾಸು.

ಹನ್ನೆರಡನೆಯದರ ಗೆರೆ ಇಳಿಯಲಿಲ್ಲ. ಅದರ ನಡುಕ ತೀರ ಕೀರಲು, ಈ ವಯಸ್ಸಿನ ನನ್ನ ಕಿವಿಗೆ ಸಿಗುವಂಥದ್ದಲ್ಲ. ಅದನ್ನು ಹಿಡಿದದ್ದು ಆ ಮಿಷನ್ನೇ. ನನ್ನದೇ ತಪ್ಪು ಎಂದು ಇಬ್ಬರ ಮುಂದೆಯೇ ಹೇಳಿ, ಅಲ್ಲೇ ಬಿಚ್ಚಿ, ಹೊಸ ಕೆಪಾಸಿಟರ್ ಹಾಕಿ, ಮತ್ತೆ ಅಳೆಸಿ ಪಾಸು ಮಾಡಿಸಿಕೊಂಡೆ. ತಪ್ಪು ಒಪ್ಪುವುದಕ್ಕೆ ನನಗೆ ಸರ್ಟಿಫಿಕೇಟು ಬೇಕಿರಲಿಲ್ಲ. ಇಂಜಿನಿಯರೂ ತಮ್ಮ ತಪ್ಪು ಮುಚ್ಚಲು ಅದನ್ನು ಅಡ್ಡ ಹಿಡಿಯಲಿಲ್ಲ.

ಈಗ ನನ್ನ ಬಳಿ ಅಂಗಡಿ ಒಂದು, ಕ್ರಿಸ್ಟಲ್ ಡಬ್ಬಿ ಮೂರು, ಹೆಡ್‌ಫೋನು ಒಂದು, ಕೇಳುವ ಕಿವಿ ಒಂದೂವರೆ, ಕಾಡಿನಲ್ಲಿ ಓಡುವ ಸೆಟ್ಟು ಹನ್ನೆರಡು. ಮಾರ್ಕ್ಸ್ ಕಾರ್ಡು ಇಲ್ಲ.